ಲಿವೋನಿಯಾದ ಮೇಡಂಬಾಯಿ

ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್‌ನಲ್ಲಿ ನನ್ನ ಕೆಲಸ ಹೊಸ ಕಾರುಗಳೊಳಗೆ ಕೂತು ಬೇಡದ ಸದ್ದುಗಳನ್ನು ಹುಡುಕುವುದಾಗಿತ್ತು. ಡ್ಯಾಶ್‌ಬೋರ್ಡಿನ ಹಿಂದೆ ಒಂದು ಕ್ಲಿಪ್ಪು ಸಡಿಲವಾಗಿದ್ದರೆ ಅದು ‘ಟಿಕ್’ ಎನ್ನುತ್ತದೋ ‘ಕಿರ್’ ಎನ್ನುತ್ತದೋ, ಎಷ್ಟು ವೇಗದಲ್ಲಿ ಎನ್ನುತ್ತದೆ, ಚಳಿಯಲ್ಲಿ ಮಾತ್ರವೋ ಬಿಸಿಲಲ್ಲೂ ಉಂಟೋ, ಇದನ್ನೆಲ್ಲ ಕಿವಿಗೊಟ್ಟು ಕೇಳಿ ವರದಿ ಮಾಡಬೇಕು. ಧಾರವಾಡದವರಾದ ನನ್ನ ಗಂಡ ಯಾರಿಗಾದರೂ ನನ್ನನ್ನು ಪರಿಚಯಿಸುವಾಗ, “ಈಕಿ ಕಿರಿಕಿರಿ ಇಂಜಿನಿಯರ್ ಅದಾಳ್ರಿ” ಎನ್ನುತ್ತಿದ್ದರು. ಅಷ್ಟರಲ್ಲಿ ಆರ್ಥಿಕ ಹಿಂಜರಿತ ಬಂತು. ಕಾರು ಕೊಳ್ಳುವವರೇ ಇಲ್ಲದ ಮೇಲೆ ಅದರ ಕಿರಿಕಿರಿ ಕೇಳುವವಳು ಯಾಕೆ ಬೇಕು? ಒಂದು ಬೆಳಿಗ್ಗೆ ನನ್ನ ಮ್ಯಾನೇಜರ್ ಕಣ್ಣಲ್ಲಿ ನೀರು ತುಂಬಿಕೊಂಡು ನನ್ನನ್ನು ಕೆಲಸದಿಂದ ತೆಗೆದರು. ಮುಂದಿನ ವಾರ ಅವರನ್ನೇ ತೆಗೆದರಂತೆ. ಅವರನ್ನು ತೆಗೆದವರು ಅತ್ತರೋ ಇಲ್ಲವೋ ತಿಳಿಯಲಿಲ್ಲ.

ಮನೆಯಲ್ಲಿ ಕೂತೆ. ಆ ಚಳಿಗಾಲ ಲಿವೋನಿಯಾದ ನಮ್ಮ ಬಡಾವಣೆಯ ಅಂಗಳಗಳಲ್ಲಿ ಹಿಮದ ಬೊಂಬೆಗಳಿಗಿಂತ ‘ಮನೆ ಮಾರಾಟಕ್ಕಿದೆ’ ಎನ್ನುವ ಫಲಕಗಳೇ ಹೆಚ್ಚಾಗಿದ್ದವು. ಕನ್ನಡದವರು, ಮನೆಮನೆಯಿಂದ ಅಡಿಗೆ ತಂದು ಉಣ್ಣುವ ಪಾಟ್‌ಲಕ್‌ಗಳಲ್ಲಿ, “ಕೆಲಸ ಹೇಗಿದೆ?” ಎಂದು ಕೇಳುವುದನ್ನು ಬಿಟ್ಟು “ಆರೋಗ್ಯ ಹೇಗಿದೆ?” ಎಂದು ಕೇಳಲು ಶುರು ಮಾಡಿದ್ದರು. ಒಬ್ಬ ಅಂಕಲ್ ಮಾತ್ರ ಪ್ರತಿ ಸಲ ನನ್ನನ್ನು ಹುಡುಕಿಕೊಂಡು ಬಂದು, “ಯಾವ್ಯಾವ್ದಕ್ಕೆ ಅಪ್ಲೈ ಮಾಡಿದೀಯಮ್ಮಾ?” ಎನ್ನುತ್ತಿದ್ದರು. “ಎಲ್ಲಾದಕ್ಕೂ ಅಪ್ಲೈ ಮಾಡಿದೀನಿ ಅಂಕಲ್” ಎಂದರೆ, “ಅದೇ ತಪ್ಪು” ಎಂದು ಹೇಳಿ ಪುಳಿಯೋಗರೆ ಬಡಿಸಿಕೊಳ್ಳಲು ಹೋಗುತ್ತಿದ್ದರು.

ಫೆಬ್ರವರಿಯ ಒಂದು ಬೆಳಿಗ್ಗೆ ಬಾಗಿಲ ಗಂಟೆ ಸದ್ದಾಯಿತು. ತೆಗೆದರೆ, ನಮ್ಮ ರಸ್ತೆಯ ಮೂಲೆಮನೆಯ ಮುದುಕಿ. ಎಪ್ಪತ್ತು ದಾಟಿದವರು, ತಲೆಗೆ ತುಪ್ಪಳದ ಟೋಪಿ, ತುಟಿಗೆ ಕಡು ಕೆಂಪು ಲಿಪ್‌ಸ್ಟಿಕ್. ಕೈಯಲ್ಲಿ, ಮಗುವನ್ನು ಎತ್ತಿಕೊಂಡಂತೆ, ನಮ್ಮ ಮನೆಯ ಅಂಚೆಡಬ್ಬಿಯನ್ನು ಎತ್ತಿಕೊಂಡಿದ್ದರು.

“ಇದು ನಿಮ್ಮದು ಅನ್ಸುತ್ತೆ,” ಎಂದರು. ಫ್ರೆಂಚ್ ಉಚ್ಚಾರದ ಇಂಗ್ಲಿಷು. ನನ್ನ ಕಿವಿಯಲ್ಲಿ ಅದು ಈಗಲೂ ನಮ್ಮ ಮಾತಿನ ಹಾಗೇ ಉಳಿದಿದೆ. “ನನ್ನ ಕಾರು ಅದಕ್ಕೆ ಹೊಡೀತು. ನಾನು ಹೊಡೀಲಿಲ್ಲ, ಕಾರು ಹೊಡೀತು. ಇನ್ನು ಡ್ರೈವ್ ಮಾಡಬೇಡಿ ಅಂತ ಕಣ್ಣಿನ ಡಾಕ್ಟರು ಮೊದಲೇ ಹೇಳಿದ್ರು. ನೀವು ಈಗೀಗ ಹಗಲಲ್ಲೂ ಮನೇಲಿರ್ತೀರಿ, ಕಿಟಕಿಯಿಂದ ನೋಡಿದೀನಿ. ಕೆಲಸ ಹೋಯ್ತಾ?”

ಅಷ್ಟು ದಿನಗಳಲ್ಲಿ ಯಾರೂ ನನ್ನನ್ನು ಅಷ್ಟು ನೇರವಾಗಿ ಕೇಳಿರಲಿಲ್ಲ. “ಹೌದು, ಹೋಯ್ತು,” ಎಂದೆ. ಹಾಗೆ ಹೇಳಿದ್ದೇ ಎದೆ ಹಗುರಾಯಿತು.

“ಒಳ್ಳೇದಾಯ್ತು. ಹಾಗಾದ್ರೆ ನನ್ನನ್ನ ಅಂಗಡಿಗೆ ಕರ್ಕೊಂಡು ಹೋಗಿ,” ಎಂದರು ಆಕೆ.

ಅಂದಿನಿಂದ ನಾನು ಅವರ ಸಾರಥಿಯಾದೆ. ಅವರನ್ನು ನಾನು ಮದಾಮ್ ಎನ್ನುತ್ತಿದ್ದೆ, ಅವರು ನನ್ನನ್ನು ‘ಇಂಜಿನಿಯರ್’ ಎನ್ನುತ್ತಿದ್ದರು. ಹೋಗುತ್ತಿದ್ದುದು ದಿನಸಿ ಅಂಗಡಿ, ಔಷಧಿ ಅಂಗಡಿ, ಕೂದಲು ಸೆಟ್ ಮಾಡಿಸುವಲ್ಲಿಗೆ, ಅಷ್ಟೇ. ಆದರೆ ದಾರಿಯುದ್ದಕ್ಕೂ ಅವರು ತಮ್ಮ ಬದುಕನ್ನು ಹೇಳುತ್ತಿದ್ದರು. ಸಿಗ್ನಲ್ ಕೆಂಪಾದಾಗ ಕಥೆ ನಿಲ್ಲಿಸಿ ಕನ್ನಡಿಯಲ್ಲಿ ಲಿಪ್‌ಸ್ಟಿಕ್ ನೋಡಿಕೊಂಡು, ಹಸಿರಾದ ಕೂಡಲೇ ಬಿಟ್ಟಲ್ಲಿಂದ ಶುರು ಮಾಡುತ್ತಿದ್ದರು.

ಉತ್ತರ ಫ್ರಾನ್ಸಿನ ಒಂದು ಗಣಿಯೂರಿನಲ್ಲಿ ಅವರ ತಂದೆ ಕ್ಷೌರಿಕ. ಚಿಕ್ಕ ಹುಡುಗಿ ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ನಿಂತು ಗಿರಾಕಿಗಳಿಗೆ ಹಾಡುತ್ತಿದ್ದಳಂತೆ. ತಂದೆಯದು ಒಂದೇ ನಿಯಮ: ದುಃಖದ ಹಾಡು ಕೂಡದು. ಗಣಿ ಕೆಲಸದವರು ಮೃದು ಮನಸ್ಸಿನವರು; ಅಳು ನುಂಗಿಕೊಂಡರೆ ಗಂಟಲು ಮೇಲೆ ಕೆಳಗೆ ಆಡುತ್ತದೆ, ಅಪ್ಪನ ಕೈಯಲ್ಲಿ ಕತ್ತಿ. “ಆದ್ದರಿಂದ ನಾನು ಹಾಸ್ಯದ ಹಾಡಿನ ಗಾಯಕಿಯಾದೆ,” ಎಂದರು ಮದಾಮ್. “ಕಲೆಗೋಸ್ಕರ ಅಲ್ಲ, ಜನರ ಜೀವ ಉಳಿಸೋಕೆ.”

ಹತ್ತೊಂಬತ್ತಕ್ಕೆ ಪ್ಯಾರಿಸ್ಸಿಗೆ ಹೋಗಿ ಹಗಲು ಕೈಗವಸಿನ ಅಂಗಡಿಯಲ್ಲಿ ಕೆಲಸ, ಸಂಜೆ ನೆಲಮಾಳಿಗೆಯ ಊಟದ ಮನೆಗಳಲ್ಲಿ ಹಾಡು. ಛತ್ರಿಯ ಮೇಲಿನ ಒಂದು ಹಾಡು ರೆಕಾರ್ಡ್ ಆಯಿತು. ಒಂದು ಬೇಸಿಗೆ ಪೂರ್ತಿ ಅದು ರೇಡಿಯೋದಲ್ಲಿ ಬಂತು. ಇವರಿಂದ ಬಾಡಿಗೆ ಮನೆ ಖಾಲಿ ಮಾಡಿಸಲು ಹೊಂಚು ಹಾಕುತ್ತಿದ್ದ ಒಡತಿಯೇ ಮೆಟ್ಟಿಲು ಒರೆಸುತ್ತ ಅದನ್ನು ಗುನುಗುತ್ತಿದ್ದಳಂತೆ. ಎರಡನೆಯ ರೆಕಾರ್ಡನ್ನು ತಂದೆ ಕೊಂಡರು, ಕೈಗವಸಿನ ಅಂಗಡಿಯವರು ಕೊಂಡರು. ಉಳಿದವರು ಕೊಳ್ಳಲಿಲ್ಲ.

ಆಮೇಲೆ ಸಿನಿಮಾ. “ನನ್ನ ಕತ್ತು ಬಹಳ ಚೆನ್ನಾಗಿತ್ತು. ಅದೇ ಮುಳುವಾಯ್ತು,” ಎಂದು ಮದಾಮ್ ನಿಟ್ಟುಸಿರಿಟ್ಟರು. ನೋಡಿದ ನಿರ್ದೇಶಕರಿಗೆಲ್ಲ ಆ ಕತ್ತು ಹಿಸುಕಬೇಕು ಅನ್ನಿಸುತ್ತಿತ್ತಂತೆ. ಒಂದರಲ್ಲಿ ಸ್ಕಾರ್ಫಿನಿಂದ ಸತ್ತರು, ಒಂದರಲ್ಲಿ ಸ್ನಾನದ ತೊಟ್ಟಿಯಲ್ಲಿ, ಒಂದರಲ್ಲಿ ಕಾಫಿಯಲ್ಲಿ ವಿಷ ಬೆರೆತು, ಇನ್ನೊಂದರಲ್ಲಿ ರೈಲಿನಿಂದ ಬಿದ್ದು. ನಮ್ಮ ಸಿನಿಮಾಗಳಲ್ಲಿ ನಾಯಕಿಯ ಗೆಳತಿ ಇಂಟರ್ವೆಲ್‌ಗೆ ಮೊದಲೇ ಸಾಯುತ್ತಾಳಲ್ಲ, ಹಾಗೆ. ಒಂದೇ ಒಂದು ಚಿತ್ರದಲ್ಲಿ ಕೊನೆಯವರೆಗೂ ಬದುಕುವ ಪಾತ್ರ ಸಿಕ್ಕಿತು. ಸಂತೋಷಕ್ಕೆ ಹೊಸ ಕೋಟು ಹಾಕಿಕೊಂಡು ಮೊದಲ ಪ್ರದರ್ಶನಕ್ಕೆ ಹೋದರೆ, ಸಂಕಲನದಲ್ಲಿ ಇಡೀ ಪಾತ್ರವನ್ನೇ ಕತ್ತರಿಸಿ ಹಾಕಿದ್ದರು.

“ಅದಕ್ಕಿಂತ ಸಾಯೋದೇ ವಾಸಿ ಅಲ್ವಾ, ಇಂಜಿನಿಯರ್?”

ಡೆಟ್ರಾಯಿಟ್‌ಗೆ ಬಂದದ್ದು ಒಂದು ಕಾರು ಪ್ರದರ್ಶನಕ್ಕೆ. ಗರಗರ ತಿರುಗುವ ವೇದಿಕೆ, ಅದರ ಮೇಲೆ ಹೊಸ ಕಾರು, ಕಾರಿನ ಪಕ್ಕ ನಿಂತು ಹಾಡುವ ಫ್ರೆಂಚ್ ಗಾಯಕಿ. ಯಂತ್ರ ಕೆಟ್ಟು ವೇದಿಕೆ ಜೋರಾಗಿ ಸುತ್ತತೊಡಗಿತು. ಪ್ರತಿ ಸುತ್ತಿಗೆ ಹಾಡಿನ ಒಂದು ಪದ ಮಾತ್ರ ಪ್ರೇಕ್ಷಕರ ಕಡೆ ಬರುತ್ತಿತ್ತು. ಮದಾಮ್ ಕಾರಿನ ಕನ್ನಡಿ ಹಿಡಿದುಕೊಂಡು ಹಾಡುತ್ತಲೇ ಇದ್ದರು. ಆಗ ವೇದಿಕೆಯ ಅಡಿಯಿಂದ ಗ್ರೀಸ್ ಮೆತ್ತಿದ ಒಂದು ತಲೆ ಹೊರಗೆ ಬಂದು, “ದಯವಿಟ್ಟು ನಿಲ್ಲಿಸಬೇಡಿ, ನನಗೆ ಇನ್ನೊಂದು ನಿಮಿಷ ಬೇಕು,” ಎಂದಿತು. ಆ ತಲೆಯನ್ನೇ ಅವರು ಆ ವಸಂತದಲ್ಲಿ ಮದುವೆಯಾದರು. ಲಿವೋನಿಯಾದಲ್ಲಿ ಮನೆ ಮಾಡಿದರು, ಹೈಸ್ಕೂಲಿನಲ್ಲಿ ಫ್ರೆಂಚ್ ಕಲಿಸಿದರು, ಇಟಾಲಿಯನ್ ಹೋಟೆಲುಗಳಲ್ಲಿ ಶನಿವಾರ ಹಾಡಿದರು. ಕಾರುಗಳೇ ಮಾತನಾಡುವ ಕಾಲ ಬಂದಾಗ, ‘ಬಾಗಿಲು ಸರಿಯಾಗಿ ಮುಚ್ಚಿಲ್ಲ’ ಎಂದು ಎಚ್ಚರಿಸುವ ದನಿಗಾಗಿ ಕಾರು ಕಂಪನಿಯಲ್ಲಿದ್ದ ಗಂಡ ಇವರ ಹೆಸರು ಸೂಚಿಸಿದರು. ಸ್ಟುಡಿಯೋದಲ್ಲಿ ಮದಾಮ್ ಆ ಸಾಲು ಹೇಳಿದರು. ಒಬ್ಬ ಅಧಿಕಾರಿ ಟೈ ಸಡಿಲಿಸಿಕೊಂಡು, “ಈ ದನಿ ಕೇಳಿದ್ರೆ ಯಾರೂ ಬಾಗಿಲು ಮುಚ್ಚೋದಿಲ್ಲ, ಮೇಡಂ,” ಎಂದನಂತೆ.

ಮದಾಮ್ ಅವರ ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅದರ ಬಗ್ಗೆ ಅವರು ಹೆಚ್ಚು ಹೇಳುತ್ತಿರಲಿಲ್ಲ. ಆ ಮಾತು ಬಂದಾಗ ಮಾತ್ರ ಸಿಗ್ನಲ್ ಹಸಿರಾದರೂ ಕಥೆ ಮುಂದುವರಿಯುತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ಧಾರವಾಡದಿಂದ ನನ್ನ ಅತ್ತೆ ಬಂದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಗಟ್ಟಿ ಗಂಟಲು, ಅದಕ್ಕಿಂತ ಗಟ್ಟಿ ಅಭಿಪ್ರಾಯಗಳು. ಮೂಲೆಮನೆಯಲ್ಲಿ ಒಬ್ಬ ಗಾಯಕಿ ಇದ್ದಾರೆಂದು ನಾನು ಹೇಳಿದ್ದೇ ತಡ, ಜೆಟ್‌ಲ್ಯಾಗ್ ಇಳಿಯುವ ಮುಂಚೆಯೇ ಬೇಸನ್ ಉಂಡೆಯ ಡಬ್ಬಿ ಹಿಡಿದು ಹೊರಟರು. ಅವರ ಲೆಕ್ಕದಲ್ಲಿ ದೊಡ್ಡ ಗಾಯಕಿಯರೆಲ್ಲ ಬಾಯಿಗಳು. ಹಾಗಾಗಿ ಮದಾಮ್ ಮೊದಲ ದಿನವೇ ‘ಮೇಡಂಬಾಯಿ’ ಆದರು.

“ಬಾಯಿ ಅಂದ್ರೇನು?” ಎಂದು ಮದಾಮ್ ನನ್ನನ್ನು ಕೇಳಿದರು.

“ಅದು ಗೌರವ. ಹಾಡೋ ದೊಡ್ಡ ಹೆಂಗಸರಿಗೆ ಹಾಗಂತಾರೆ,” ಎಂದೆ.

“ಫ್ರಾನ್ಸಿನಲ್ಲಿ ನನಗೆ ಇಂಥದ್ದು ಯಾರೂ ಕೊಡಲಿಲ್ಲ,” ಎಂದು ಅವರು ಇನ್ನೊಂದು ಉಂಡೆ ತೆಗೆದುಕೊಂಡರು.

ಅತ್ತೆಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಮದಾಮ್ ದಣಿದಾಗ ಇಂಗ್ಲಿಷು ಬಿಟ್ಟು ಫ್ರೆಂಚಿಗೆ ಇಳಿಯುತ್ತಿದ್ದರು. ನಾನು ಅರ್ಜಿ ತುಂಬುತ್ತ ಒಳಗೆ ಕೂತಿದ್ದರೆ, ಹೊರಗೆ ಹಿತ್ತಲಿನ ಮರದ ಡೆಕ್ಕಿನ ಮೇಲೆ ಒಬ್ಬರು ಕನ್ನಡದಲ್ಲಿ, ಒಬ್ಬರು ಫ್ರೆಂಚಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಇಬ್ಬರೂ ತಲೆದೂಗುತ್ತಿದ್ದರು. ನಾನು ಹೋಗಿ ಅನುವಾದ ಮಾಡಿದರೆ ಮಾತ್ರ ಜಗಳ ಹತ್ತುತ್ತಿತ್ತು. ಒಂದು ದಿನ ಅತ್ತೆ, “ನೀ ನಡುವ ಬರಬ್ಯಾಡವಾ. ನಾವು ಆರಾಮ ಇದ್ದೇವಿ,” ಎಂದುಬಿಟ್ಟರು.

ಮೇ ಕೊನೆಯಲ್ಲಿ ಮದಾಮ್‌ಗೆ ಒಂದು ಫೋನು ಬಂತು. ಶಿಕಾಗೋದ ಪಶ್ಚಿಮದ ಉಪನಗರವೊಂದರ ಲೈಬ್ರರಿಯಲ್ಲಿ ಹಳೆಯ ಸಿನಿಮಾ ಪ್ರಿಯರ ಚಿಕ್ಕ ಕೂಟವಿತ್ತು. ಅದರ ಮುಖ್ಯಸ್ಥರು ನಿವೃತ್ತ ದಂತವೈದ್ಯರು, ಹೆಂಡತಿಯನ್ನು ಕಳೆದುಕೊಂಡವರು. ಮದಾಮ್ ನಟಿಸಿದ ಒಂದು ಕಪ್ಪು ಬಿಳುಪು ಚಿತ್ರದ ಪ್ರತಿ ಅವರಿಗೆ ಸಿಕ್ಕಿತ್ತು. ಅದನ್ನು ತೋರಿಸುತ್ತೇವೆ, ನೀವು ಬಂದು ಎರಡು ಮಾತಾಡಿ ಒಂದು ಹಾಡು ಹಾಡಬೇಕು, ಕಾಲ ಕೆಟ್ಟಿರುವುದರಿಂದ ಊಟ ಮತ್ತು ಹೂಗುಚ್ಛ ಬಿಟ್ಟು ಬೇರೇನೂ ಕೊಡಲಾಗದು ಎಂದರಂತೆ. ಅವರ ಮಾತು ಮುಗಿಯುವ ಮುಂಚೆಯೇ ಮದಾಮ್ ಒಪ್ಪಿಕೊಂಡಿದ್ದರು.

“ಇಂಜಿನಿಯರ್, ಶಿಕಾಗೋ ಎಷ್ಟು ದೂರ?”

“ಮುನ್ನೂರು ಮೈಲಿ ಹತ್ತಿರ.”

“ಹಾಗಾದ್ರೆ ಬೆಳಿಗ್ಗೆ ಬೇಗ ಹೊರಡೋಣ.”

ನನ್ನ ಅಕ್ಕ ಅಲ್ಲೇ ಹತ್ತಿರದ ನೇಪರ್‌ವಿಲ್‌ನಲ್ಲಿ ಡಾಕ್ಟರು. ಉಳಿಯಲು ಅವಳ ಮನೆ ಇತ್ತು. ನನ್ನ ಗಂಡ ಬರಲಿಲ್ಲ. ಆ ದಿನಗಳಲ್ಲಿ ಶುಕ್ರವಾರ ರಜೆ ಹಾಕಿದವರ ಕುರ್ಚಿ ಸೋಮವಾರ ಅಲ್ಲೇ ಇರುತ್ತದೆಂಬ ನಂಬಿಕೆ ಯಾರಿಗೂ ಇರಲಿಲ್ಲ. ಅತ್ತೆಯನ್ನಂತೂ ಬಿಟ್ಟು ಹೋಗುವ ಪ್ರಶ್ನೆಯೇ ಇಲ್ಲ, ನನಗಿಂತ ಮೊದಲು ಅವರೇ ಕಾರಿನಲ್ಲಿ ಕೂತಿದ್ದರು.

ಮದಾಮ್ ಮುಂದೆ, ಅತ್ತೆ ಹಿಂದೆ, ಅತ್ತೆಯ ಪಕ್ಕ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು. ಮಿಷಿಗನ್ ದಾಟುವ ಮೊದಲೇ ಒಂದು ರೆಸ್ಟ್ ಏರಿಯಾದಲ್ಲಿ ಊಟಕ್ಕೆ ನಿಂತೆವು. ಚಟ್ನಿಪುಡಿ ತಿಂದ ಮದಾಮ್ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡರು. ನಾನು ನೀರು ಕೊಡಲು ಹೋದರೆ ತಳ್ಳಿ, ರೊಟ್ಟಿಯ ಚೂರನ್ನು ಮತ್ತೆ ಪುಡಿಗೆ ಒತ್ತಿದರು. “ಗಂಟಲು ತೆರೀತಾ ಇದೆ,” ಎಂದರು.

ನೇಪರ್‌ವಿಲ್ ತಲುಪಿ ಚಹಾ ಕುಡಿಯುತ್ತಿದ್ದಾಗ ದಂತವೈದ್ಯರ ಫೋನು ಬಂತು. ಮರುದಿನ ಪಿಯಾನೋ ನುಡಿಸಬೇಕಿದ್ದ ವ್ಯಕ್ತಿಗೆ ಬೇರೆ ರಾಜ್ಯದಲ್ಲಿ ಕೆಲಸದ ಸಂದರ್ಶನ ಬಂದಿದೆ, ಆತ ಹೊರಟೇ ಹೋದ ಎಂದರು. ಯಾರೂ ಆತನನ್ನು ಬೈಯಲಿಲ್ಲ. ಆ ವರ್ಷ ಸಂದರ್ಶನ ಎಂದರೆ ಮದುವೆ ಮನೆ ಬಿಟ್ಟಾದರೂ ಹೋಗುವಂಥದ್ದು.

ಮದಾಮ್ ಮುಖ ಸಪ್ಪಗಾಯಿತು. “ಪಕ್ಕವಾದ್ಯ ಇಲ್ಲದೆ ನನ್ನ ಈ ವಯಸ್ಸಿನ ದನಿ ಬೆತ್ತಲೆ,” ಎಂದರು.

ಅತ್ತೆ ಆ ಹೊತ್ತಿಗೆ ಅಕ್ಕನ ಮನೆಯ ಹಜಾರವನ್ನು ಕಣ್ಣಲ್ಲೇ ಜಾಲಾಡುತ್ತಿದ್ದರು. ಭಜನೆಗೆಂದು ಅಕ್ಕ ಯಾವಾಗಲೋ ತರಿಸಿದ್ದ ಹಾರ್ಮೋನಿಯಂ ಕಿಟಕಿಯ ಕೆಳಗಿತ್ತು. ಅದರ ಮೇಲೆ ಮನಿಪ್ಲಾಂಟಿನ ಕುಂಡ.

“ಏನವಾ ಡಾಕ್ಟರ, ಪೆಟಗಿ ಮ್ಯಾಲೆ ಗಿಡ ಬೆಳಸೂದು ಇಲ್ಲಿ ಪದ್ಧತಿ ಏನು?” ಎಂದು ಕುಂಡವನ್ನು ತಾವೇ ಎತ್ತಿ ಕೆಳಗಿಟ್ಟರು. ಸೆರಗಿನಿಂದ ಧೂಳು ಒರೆಸಿ, ಗಾಳಿ ತುಂಬುವ ಬಾತೆ ಒತ್ತಿ, ಒಂದು ಸ್ವರ ಹಿಡಿದರು. “ಮೇಡಂಬಾಯಿ, ಹಾಡ್ರಿ. ನಿಮ್ಮ ಪಟ್ಟಿ ಯಾವುದು? ಕರಿ ಎರಡೋ, ಬಿಳಿ ನಾಲ್ಕೋ?”

ಸಂಜೆಯೆಲ್ಲ ತಾಲೀಮು ನಡೆಯಿತು. ಹಾಡು ಅದೇ ಛತ್ರಿಯ ಹಾಡು. ಅತ್ತೆಗೆ ಅರ್ಥ ಬೇಕಿತ್ತು, ಅರ್ಥ ತಿಳಿಯದೆ ಭಾವ ಹೇಗೆ ಬರಬೇಕು? ಮದಾಮ್ ನನ್ನನ್ನು ಬದಿಗೆ ಸರಿಸಿ, ಅಭಿನಯಿಸಿಯೇ ತೋರಿಸುತ್ತೇನೆಂದರು. ಊಟದ ಮೇಜಿನ ಮೂರು ಕುರ್ಚಿ ಸಾಲಾಗಿ ಇಟ್ಟು, ಅಕ್ಕನ ಛತ್ರಿ ಬಿಡಿಸಿ, ಮೊದಲ ಕುರ್ಚಿಗೆ ಬಾಗಿ ಅದರ ಮೇಲೆ ಛತ್ರಿ ಹಿಡಿದರು. ಆಮೇಲೆ ಓಡಿ ಎರಡನೆಯದಕ್ಕೆ, ಆಮೇಲೆ ಮೂರನೆಯದಕ್ಕೆ. ಮತ್ತೆ ಮೊದಲನೆಯದಕ್ಕೆ ಓಡಿ ಬಂದು ಕಣ್ಣೊರೆಸಿಕೊಂಡರು.

ಅತ್ತೆಯ ಮುಖ ಅರಳಿತು. “ತಿಳೀತು ಬಿಡ್ರಿ! ಬ್ರಹ್ಮ, ವಿಷ್ಣು, ಮಹೇಶ್ವರ. ಮೂವರಿಗೂ ಛತ್ರಸೇವಾ. ಏನ್ ಭಕ್ತಿ ನೋಡವಾ! ಹೊರಗಿನ ಮಂದಿಗೂ ಇರತದ.”

ನಾನೂ ಅಕ್ಕನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಫ್ರೆಂಚ್ ನಮಗೂ ಬರುತ್ತಿರಲಿಲ್ಲ, ಆದರೆ ಮದಾಮ್ ಎರಡನೆಯ ಕುರ್ಚಿಗೆ ಕಣ್ಣು ಹೊಡೆದದ್ದನ್ನು ನಾವು ಕಂಡಿದ್ದೆವು. ಭಕ್ತಿಭಾವದಲ್ಲಿ ಅತ್ತೆ ಹಾಡನ್ನು ನಿಧಾನ ಮಾಡಿದರು. ಮದಾಮ್ ಕಾಲು ಕುಟ್ಟಿ ಬೇಗ ಬೇಗ ಎಂದರು. ಇವರು ಆಲಾಪಕ್ಕೆ ಇಳಿದರು. ಅವರು ಫ್ರೆಂಚಿನಲ್ಲಿ ಬೈದರು. ಅಷ್ಟರಲ್ಲಿ ಹೈಸ್ಕೂಲಿನಲ್ಲಿ ಫ್ರೆಂಚ್ ಓದುತ್ತಿದ್ದ ಅಕ್ಕನ ಮಗಳು ಸೀರಿಯಲ್ ಬಟ್ಟಲು ಹಿಡಿದು ಅಡಿಗೆಮನೆಯಿಂದ ಬಂದಳು.

“ಅಜ್ಜಿ, ಇಟ್ಸ್ ನಾಟ್ ಎ ಪ್ರೇಯರ್,” ಎಂದಳು ಅಗಿಯುತ್ತ. “ಇಟ್ಸ್ ಅಬೌಟ್ ಎ ಲೇಡಿ ವಿತ್ ಥ್ರೀ ಬಾಯ್‌ಫ್ರೆಂಡ್ಸ್. ಅಂಡ್ ಓನ್ಲಿ ಒನ್ ಅಂಬ್ರೆಲಾ.”

ಬಾಯ್‌ಫ್ರೆಂಡ್ ಎನ್ನುವ ಪದ ಅತ್ತೆಗೆ ಚೆನ್ನಾಗಿ ಗೊತ್ತಿತ್ತು. ಬಾತೆಯ ಮೇಲೆ ಕೈ ನಿಂತಿತು. ಹಾರ್ಮೋನಿಯಂ ಒಂದು ಉದ್ದ ಉಸಿರು ಬಿಟ್ಟು ಸುಮ್ಮನಾಯಿತು. ಅತ್ತೆ ಮೂರು ಕುರ್ಚಿಗಳನ್ನೂ ಒಂದೊಂದಾಗಿ ನೋಡಿದರು.

“ಮೂರು ಮಂದಿ?”

“ಹೌದು ಅತ್ತೆ.”

“ಒಂದ ಛತ್ರಿ?”

“ಹಾಗಂತೆ.”

ಅತ್ತೆ ಮದಾಮ್ ಕಡೆ ತಿರುಗಿದರು. ಮದಾಮ್ ಛತ್ರಿಯನ್ನು ಎದೆಗೆ ಒತ್ತಿಕೊಂಡು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗಿಯ ಹಾಗೆ ನಿಂತಿದ್ದರು.

“ಅದಕ್ಕ ಓಡಾಡಾಕತ್ತಾಳ, ಪಾಪ,” ಎಂದರು ಅತ್ತೆ ಕೊನೆಗೆ. “ಹಂಗಾದ್ರ ಲಯ ಜಲ್ದಿ ಇರಬೇಕು. ಮೊದಲಽ ಹೇಳಬಾರದಾ? ನಮ್ಮ ಠುಮರಿಯೊಳಗ ಇದಕ್ಕಿಂತ ಭಾಳ ಅದಾವ. ಹಾಡ್ರಿ, ಮೇಡಂಬಾಯಿ.” ಮತ್ತೆ ಬಾತೆ ಒತ್ತಿದರು. ಈ ಸಲ ಹಾಡು ಓಡಿತು.

ಮರುದಿನ, ಶನಿವಾರ ಮಧ್ಯಾಹ್ನ, ಲೈಬ್ರರಿಗೆ ಹೋದೆವು. ಮಡಿಸುವ ಕುರ್ಚಿಗಳು, ಕಾಫಿ ಯಂತ್ರ, ಬಹುತೇಕ ಬಿಳಿ ತಲೆಗಳು. ನಡುನಡುವೆ ನನ್ನ ವಯಸ್ಸಿನ ಕೆಲವರು, ವಾರದ ದಿನವೇ ಆಗಿದ್ದರೂ ಅವರು ಬರುತ್ತಿದ್ದರೇನೋ. ದಂತವೈದ್ಯರು ಎತ್ತರದ, ಬಾಗಿದ, ನಾಚಿಕೆಯ ಮನುಷ್ಯ. ಹೂಗುಚ್ಛವನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದರು.

“ವಿದ್ಯಾರ್ಥಿಯಾಗಿದ್ದಾಗ ಈ ಸಿನಿಮಾ ನೋಡಿದ್ದೆ. ನೀವು ಬಿಳಿ ಗೌನು ಹಾಕಿಕೊಂಡು ಮೆಟ್ಟಿಲು ಇಳಿದು ಬರೋ ದೃಶ್ಯ. ಇವತ್ತಿನವರೆಗೂ ಮರೆತಿಲ್ಲ,” ಎಂದರು.

ಮದಾಮ್ ತಲೆ ಬಾಗಿಸಿ, “ಧನ್ಯವಾದ. ಆ ಗೌನು ಬಹಳ ಬಿಗಿಯಾಗಿತ್ತು,” ಎಂದರು.

ಕೂತ ಮೇಲೆ ನನ್ನ ಕಿವಿಯಲ್ಲಿ, “ಮೆಟ್ಟಿಲಿಳಿದವಳು ನಾನಲ್ಲ, ನಾಯಕಿ,” ಎಂದರು.

“ಮತ್ತೆ ಹೇಳಬೇಕಿತ್ತು, ಮದಾಮ್!”

“ಆಕೆ ಎಂದೋ ಸತ್ತುಹೋದಳು. ಆತ ಇಷ್ಟು ವರ್ಷ ಜೋಪಾನ ಮಾಡಿದ ಹೊಗಳಿಕೆ, ಯಾರಾದರೂ ತಗೋಬೇಕಲ್ಲ.”

ದೀಪ ಆರಿತು. ಚಿತ್ರದಲ್ಲಿ ಮದಾಮ್ ಟೋಪಿ ಹೊಲಿಯುವ ಹುಡುಗಿ. ಇಪ್ಪತ್ತೈದರ ವಯಸ್ಸು, ನಿಜಕ್ಕೂ ಹಂಸದಂಥ ಕತ್ತು. ಅತ್ತೆ ಪರದೆಯನ್ನೂ ಪಕ್ಕದ ಕುರ್ಚಿಯನ್ನೂ ಸರದಿಯ ಮೇಲೆ ನೋಡುತ್ತ, “ಅವಽ ಕಣ್ಣು, ಅವಽ ಕಣ್ಣು,” ಎಂದು ಪಿಸುಗುಟ್ಟುತ್ತಿದ್ದರು. ಹುಡುಗಿ ಕಿಟಕಿಯ ಬಳಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಾಗ ಬೆನ್ನ ಹಿಂದಿನ ಕರ್ಟನ್ನು ಅಲುಗಿತು. ಅದರ ಹಿಂದಿನಿಂದ, ಸ್ಕಾರ್ಫನ್ನು ಎರಡೂ ಕೈಗೆ ಸುತ್ತಿಕೊಂಡ ಖಳ ಹೊರಬಂದ. ನಾನು ಅತ್ತೆಯ ಕೈ ಹಿಡಿದುಕೊಳ್ಳುವಷ್ಟರಲ್ಲಿ ಅವರು ಎದ್ದು ನಿಂತಾಗಿತ್ತು.

“ಏ ಮೇಡಂಬಾಯೀ! ಹಿಂದ ನೋಡಽ! ಹಿಂದ ಅದಾನ!”

ಶಾಲೆಯ ಮೈದಾನದ ಆ ತುದಿಗೆ ಕೇಳುವಂತೆ ಕೂಗಿ ರೂಢಿಯಿದ್ದ ಗಂಟಲು ಅದು. ಸಭೆಯಲ್ಲಿದ್ದವರೆಲ್ಲ ಬೆಚ್ಚಿ ತಮ್ಮ ತಮ್ಮ ಹಿಂದೆ ತಿರುಗಿ ನೋಡಿದರು. ಯಾರೋ ಕಾಫಿ ಚೆಲ್ಲಿಕೊಂಡರು. ಪರದೆಯ ಮೇಲೆ ಸ್ಕಾರ್ಫು ಬಿಗಿಯಿತು.

“ಬಿಡಸ್ರೋ! ಕೊಲ್ಲಾಕತ್ತಾನ ಆಕಿನ್ನ! ಏನ್ ನೋಡ್ಕೋತ ಕುಂತೀರಿ?”

“ಅತ್ತೆ, ಸಿನಿಮಾ ಅದು! ಇಲ್ಲೇ ಇದಾರೆ ನೋಡಿ!” ಎಂದು ನಾನು ಸೆರಗು ಎಳೆದೆ. ಅತ್ತೆ ಮದಾಮ್ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಬೆಚ್ಚಗಿದೆಯೇ ಎಂದು ನೋಡಿ, ಉಸ್ಸೆಂದು ಕೂತರು. ಆಮೇಲೆ ನಾಚಿಕೆಯಾಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ನಾನು ಕ್ಷಮೆ ಕೇಳಲು ಬಾಗಿದರೆ ಮದಾಮ್ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು, ಲಿಪ್‌ಸ್ಟಿಕ್ ನಗುತ್ತಿತ್ತು. “ಮೊದಲ ಪ್ರದರ್ಶನದ ದಿನ ನಾನು ಸಾಯುವಾಗ ನನ್ನ ಮುಂದಿನ ಸಾಲಿನವರು ಚಾಕಲೇಟಿನ ಕಾಗದ ಬಿಚ್ಚುತ್ತಿದ್ದರು,” ಎಂದರು. “ನನ್ನ ಸಾವನ್ನ ತಡೆಯೋಕೆ ಒಬ್ಬರಾದರೂ ಎದ್ದು ನಿಂತದ್ದು ಇದೇ ಮೊದಲು, ಇಂಜಿನಿಯರ್.”

ಸಿನಿಮಾ ಮುಗಿದ ಮೇಲೆ ಹಾಡು. ಅತ್ತೆ ಇಳಕಲ್ ಸೀರೆಯಲ್ಲಿ, ಅಕ್ಕನ ಮನೆಯಿಂದ ತಂದ ಹಾರ್ಮೋನಿಯಂ ಮುಂದಿಟ್ಟುಕೊಂಡು, ಮೇಜಿನ ಮೇಲೆ ಚಕ್ಕಂಬಟ್ಲು ಹಾಕಿ ಕೂತರು, ಲೈಬ್ರರಿಯವರು ಬೇಡವೆನ್ನಲು ಬಂದು ಅವರ ಮುಖ ನೋಡಿ ಹಿಂದೆ ಸರಿದರು. ಮದಾಮ್ ದನಿ ಒಡೆದಿತ್ತು, ಮೇಲಿನ ಸ್ವರಗಳನ್ನು ಹಾಡದೆ ಹುಬ್ಬೇರಿಸಿ ತೋರಿಸುತ್ತಿದ್ದರು. ಆದರೂ ಮೊದಲ ಚರಣಕ್ಕೇ ಬಿಳಿ ತಲೆಗಳು ತೂಗತೊಡಗಿದವು. ಮೂರನೆಯ ಚರಣದಲ್ಲಿ ಪದಗಳು ಮರೆತುಹೋದವು. ಮದಾಮ್ ನಿಂತರು. ಛತ್ರಿ ಗಾಳಿಯಲ್ಲೇ ನಿಂತಿತು.

ಅತ್ತೆ ನಿಲ್ಲಲಿಲ್ಲ. ಮಕ್ಕಳು ಶಾಲೆಯ ಗ್ಯಾದರಿಂಗ್‌ನಲ್ಲಿ ಹಾಡು ಮರೆತಾಗ ಮಾಡುತ್ತಿದ್ದಂತೆ, ಅದೇ ಲಯದಲ್ಲಿ ಒಂದು ತಾನ ಬಾರಿಸಿ, ಅದರ ಹಿಂದೆ ಇನ್ನೊಂದು ಬಾರಿಸಿ, ಹುಬ್ಬಿನಿಂದಲೇ ‘ನಡೀರಿ’ ಎಂದರು. ಮದಾಮ್ ‘ಲಾ ಲಾ’ ಎಂದು ಹಿಡಿದರು. ಅತ್ತೆ ‘ಸಾ ರೇ’ ಎಂದು ಉತ್ತರ ಕೊಟ್ಟರು. ಸ್ವಲ್ಪ ಹೊತ್ತು ಇಬ್ಬರೂ ಹಾಡನ್ನೇ ಬಿಟ್ಟು ಪೈಪೋಟಿಗೆ ನಿಂತರು. ಎಲ್ಲಿ ಮುಗಿಸಬೇಕೆಂದು ಇಬ್ಬರಿಗೂ ಗೊತ್ತಾಗದೆ, ಕೊನೆಗೆ ಮದಾಮ್ ಛತ್ರಿಯನ್ನು ಪಟ್ಟೆಂದು ಮಡಿಸಿ ಹಾಡು ಮುಗಿಯಿತೆಂದು ಘೋಷಿಸಿದರು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ದಂತವೈದ್ಯರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಲೇ ಇದ್ದರು.

ಊರಿಗೆ ಮರಳಿದ ಮೇಲೆ ಮದಾಮ್ ನನ್ನ ಕೆಲಸದ ವಿಷಯವನ್ನು ತಮ್ಮ ಕೈಗೆ ತೆಗೆದುಕೊಂಡರು. ಆಸ್ಪತ್ರೆಯ ಮಂಚಗಳ ಮೋಟರು ಸದ್ದು ಮಾಡದಂತೆ ನೋಡಿಕೊಳ್ಳುವ ಕೆಲಸಕ್ಕೆ ನನಗೆ ಸಂದರ್ಶನ ಬಂದಿತ್ತು. “ನೀವು ಕೋಣೆಯೊಳಗೆ ಬರೋದೇ ಕ್ಷಮೆ ಕೇಳೋ ಹಾಗಿದೆ,” ಎಂದು ನಮ್ಮ ಮನೆಯ ಬಾಗಿಲಲ್ಲೇ ತರಬೇತಿ ಶುರು ಮಾಡಿದರು. ಹೊಸ್ತಿಲಲ್ಲಿ ನಿಲ್ಲಬೇಕು, ಗದ್ದ ಎತ್ತಬೇಕು, ಎಲ್ಲರೂ ನೋಡುವವರೆಗೆ ಕಾಯಬೇಕು, ಆಮೇಲೆ ನಡೆಯಬೇಕು. ಅತ್ತೆ ಸೋಫಾದಲ್ಲಿ ಕೂತು ಸಂದರ್ಶಕರ ಪಾತ್ರ ವಹಿಸಿ, “ಇನ್ನೊಮ್ಮೆ ಬಾ,” “ಇನ್ನೊಮ್ಮೆ ಬಾ,” ಎನ್ನುತ್ತಿದ್ದರು. ಗಂಡ ಆಫೀಸಿನಿಂದ ಬಂದು, ನಾನು ಮನೆಯೊಳಗೆ ಬರುವುದನ್ನೂ ಹೊರಗೆ ಹೋಗುವುದನ್ನೂ ನೋಡಿ, ಕೇಳುವುದು ಬೇಡವೆಂದು ಗ್ಯಾರೇಜಿನ ಬಾಗಿಲಿನಿಂದ ಒಳಗೆ ಹೋದರು.

ಸಂದರ್ಶನದ ದಿನ ನಾನು ಹೊಸ್ತಿಲಲ್ಲಿ ನಿಂತು ಗದ್ದ ಎತ್ತಿದೆ. ಒಳಗಿದ್ದವರು ಗಾಬರಿಯಾಗಿ, “ನಿಮಗೆ ಹುಷಾರಿದೆಯಾ?” ಎಂದು ಕೇಳಿದರು. ಕೆಲಸವಂತೂ ಸಿಕ್ಕಿತು.

ಶರತ್ಕಾಲದಲ್ಲಿ ಅತ್ತೆ ಧಾರವಾಡಕ್ಕೆ ಹಿಂದಿರುಗಿದರು. ನಾನು ಕೆಲಸಕ್ಕೆ ಹೋಗತೊಡಗಿದೆ. ಮದಾಮ್‌ಗೆ ಬೇರೆ ಸಾರಥಿಗಳು ಸಿಗುವುದು ಕಷ್ಟವಾಗಲಿಲ್ಲ. ಆ ರಸ್ತೆಯಲ್ಲಿ ಕೆಲಸ ಕಳೆದುಕೊಂಡ ಇಂಜಿನಿಯರುಗಳಿಗೆ ಬರವಿರಲಿಲ್ಲ. ಆದರೆ ಅವರ ಮನೆಯ ಮುಂದೆ ಶಿಕಾಗೋ ಕಡೆಯ, ಇಲಿನಾಯ್ ನಂಬರಿನ ಒಂದು ಕಾರು ನಿಲ್ಲುವುದು ಹೆಚ್ಚಾಯಿತು. ದಂತವೈದ್ಯರು ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಬಂದು, ಇವರನ್ನು ಎರಡು ಮೈಲಿ ದೂರದ ದಿನಸಿ ಅಂಗಡಿಗೆ ಕರೆದೊಯ್ಯುತ್ತಿದ್ದರು.

ಮುಂದಿನ ವಸಂತದಲ್ಲಿ ಮದುವೆಯ ಸುದ್ದಿಯನ್ನು ನಾನೇ ಅತ್ತೆಗೆ ಫೋನಿನಲ್ಲಿ ಹೇಳಿದೆ.

“ಹುಡುಗ ಯಾರು?” ಎಂದರು ಅತ್ತೆ ತಕ್ಷಣ.

“ಅದೇ, ಲೈಬ್ರರಿಯ ದಂತವೈದ್ಯರು.”

“ಚಲೋ ಆತು. ಆ ವಯಸ್ಸಿಗೆ ಹಲ್ಲಿನ ಡಾಕ್ಟರಽ ಬೇಕು.” ನಾನು ಹೇಳಿದ್ದ ಗುಟ್ಟು ನೆನಪಾಗಿ, “ಮೆಟ್ಟಲಾ ಇಳದಾಕಿ ತಾನಲ್ಲ ಅಂತ ಹೇಳ್ಯಾಳೇನು ಆತಗ?”

“ಹೇಳಿದಾರಂತೆ ಅತ್ತೆ. ಅವರು ಆ ದಿನವೇ ಸಿನಿಮಾ ನೋಡುವಾಗ ಕಂಡುಕೊಂಡರಂತೆ. ಆದರೂ ಫೋನ್ ಮಾಡಿದ್ರಂತೆ.”

“ಹಂಗಾದ್ರ ಶಾಣ್ಯಾ ಇದ್ದಾನ,” ಎಂದು ಅತ್ತೆ ತೀರ್ಪು ಕೊಟ್ಟು, ನಮ್ಮ ಕಡೆ ಬರುವವರ ಕೈಯಲ್ಲಿ ಕೆಂಪಂಚಿನ ಒಂದು ಇಳಕಲ್ ಸೀರೆ ಕಳಿಸಿದರು.

ಮದುವೆ ದಂತವೈದ್ಯರ ಹಿತ್ತಲಲ್ಲೇ ಆಯಿತು. ನನ್ನ ಗಂಡನೂ ನಾನೂ ಹೋಗಿದ್ದೆವು. ಮದಾಮ್ ಬೂದು ಸೂಟಿನ ಮೇಲೆ ಇಳಕಲ್ ಸೀರೆಯನ್ನು ಶಾಲಿನಂತೆ ಹೊದ್ದು, ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, ಎಲ್ಲರೂ ನೋಡುವವರೆಗೆ ಕಾದು, ಆಮೇಲೆ ಹಿತ್ತಲಿಗೆ ಇಳಿದರು. ದಂತವೈದ್ಯರ ದೊಡ್ಡ ದೊಡ್ಡ ಮಕ್ಕಳು ಈ ಹೊಸ ತಾಯಿಯನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಒಬ್ಬರ ಹಿಂದೆ ಒಬ್ಬರು ನಿಂತಿದ್ದರು. “ಮೇಡಂಬಾಯಿ ಅಂತ ಕರೀರಿ,” ಎಂದು ಮದಾಮ್ ಅವರಿಗೆ ಹೇಳಿಕೊಡುತ್ತಿದ್ದುದು ನನ್ನ ಕಿವಿಗೆ ಬಿತ್ತು. ಊಟಕ್ಕೆ ತಮ್ಮ ಊರಿನ ಈರುಳ್ಳಿ ಸೂಪನ್ನು ಅವರೇ ಹಟ ಹಿಡಿದು ಮಾಡಿದ್ದರು. ಉಪ್ಪು ವಿಪರೀತವಾಗಿತ್ತು. ದಂತವೈದ್ಯರು ಎರಡನೆಯ ಸಲ ಹಾಕಿಸಿಕೊಂಡರು. ಅವರನ್ನು ನೋಡಿ ನನ್ನ ಗಂಡನೂ ಹಾಕಿಸಿಕೊಂಡರು, ದಾರಿಯುದ್ದಕ್ಕೂ ನೀರು ಕುಡಿಯುತ್ತ ಬಂದರು.